ಒಂಬತ್ತನೆಯ ಅಧ್ಯಾಯದ ಮದುವೆ

೧. ಜಾತಕ

ಸಿದ್ದಾಪುರದ ಜೋಯಿಸರ ಮುಂದೆ ಎರಡು ಚೀಟಿ ಇಟ್ಟೆ. ಒಂದರಲ್ಲಿ ಹುಡುಗ ಹುಟ್ಟಿದ ದಿನ, ಸಮಯ. ಇನ್ನೊಂದರಲ್ಲಿ ಹುಡುಗಿಯದು. ಇಬ್ಬರೂ ನನ್ನ ಕಾದಂಬರಿಯವರು. ಒಂಬತ್ತನೆಯ ಅಧ್ಯಾಯದಲ್ಲಿ ಅವರ ಮದುವೆ ಮುರಿಯಬೇಕಿತ್ತು. ಮುರಿಯದಿದ್ದರೆ ಹುಡುಗಿ ಊರು ಬಿಡುವುದಿಲ್ಲ. ಬಿಡದಿದ್ದರೆ ಮುಂದಿನ ಹತ್ತು ಅಧ್ಯಾಯಕ್ಕೆ ಕಥೆಯೇ ಇಲ್ಲ. ಜಾತಕ ಕೂಡಲಿಲ್ಲ ಎಂದು ಬರೆಯುವ ಅಂದಾಜು. ಸುಮ್ಮನೆ ಬರೆಯುವುದು ಬೇಡ, ಕೇಳಿಯೇ ಬರೆಯೋಣ ಎಂದು ಹೋಗಿದ್ದೆ. ಕಾದಂಬರಿಗೆ ಎಂದು ನಾನು ಹೇಳಲಿಲ್ಲ. ಅವರು ಕೇಳಲಿಲ್ಲ.

"ಚಲೋ ಕೂಡ್ತು," ಎಂದರು.

ಹುಡುಗಿಯನ್ನು ಎರಡು ದಿನ ಮೊದಲು ಹುಟ್ಟಿಸಿಕೊಂಡು ಮರುವಾರ ಹೋದೆ. ದಿನ ತಪ್ಪಿತ್ತು ಎಂದೆ.

"ಇದೂ ಕೂಡ್ತು."

"ಕುಜದೋಷ ಇಲ್ಯಾ?"

"ಇದ್ದು. ಶಾಂತಿ ಮಾಡಿದ್ರೆ ಆತು."

"ಒಟ್ಟು ಕೂಡದೇ ಇಪ್ಪ ಜಾತಕ ಹ್ಯಾಂಗಿರ್ತು?"

ಜೋಯಿಸರು ಕನ್ನಡಕ ತೆಗೆದರು. "ಮಾಣಿಗಳಿಗೆ ಮದುವೆಗೆ ಕೂಸು ಸಿಕ್ತಿಲ್ಲೆ. ಮನೆಮನೆಯಲ್ಲೂ ಮೂವತ್ತೈದು ದಾಟಿದವು ಕೂತಿದ್ದ. ಕೂಡ್ತಿಲ್ಲೆ ಹೇಳ ಮಾತೇ ಆನು ಬಿಟ್ಬಿಟ್ಟಿದ್ದೆ."

ನಮ್ಮ ಕಡೆ ಹುಡುಗ ಎಂದರೆ ಮಾಣಿ, ಹುಡುಗಿ ಎಂದರೆ ಕೂಸು. ಪದವಿ ಮುಗಿಸಿದ್ದರೂ ಕೂಸೇ.

೨. ಕಾರು

ನನ್ನ ಹಸ್ತಪ್ರತಿ ಟೈಪ್ ಮಾಡುವ ಹೆಂಗಸೊಬ್ಬಳು ಶಿರಸಿಯಲ್ಲಿದ್ದಾಳೆ. ಗಂಡಿನ ಅಪ್ಪ ಕಾರು ಕೇಳಿದ, ಅದಕ್ಕೆ ಮದುವೆ ಮುರಿಯಿತು ಎಂದು ಬರೆದುಕೊಟ್ಟೆ. ಅರ್ಧ ಪುಟಕ್ಕೆ ಅವಳ ಕೈ ನಿಂತಿತು.

"ಸರ್, ಇದು ಎಷ್ಟು ವರ್ಷದ ಹಿಂದಿನ ಕಥೆ?"

"ಈ ವರ್ಷದ್ದು."

"ಹಾಗಾದ್ರೆ ಕಾರು ತೆಗೀರಿ. ಈಗ ಗಂಡಿನ ಕಡೆಯವರೇ ಛತ್ರ ಗೊತ್ತು ಮಾಡಿ, ಊಟ ಹಾಕಿ, ಕೈ ಮುಗಿದು ಹುಡುಗೀನ ಕರ್ಕೊಂಡು ಹೋಗ್ತಾರೆ. ಓದಿದವರು ನಗ್ತಾರೆ."

ಕಾರು ತೆಗೆದೆ. ಗಂಡಿಗೆ ಕುಡಿತ ಹಚ್ಚಿದೆ.

ಅದನ್ನು ನಿಲ್ಲಿಸದೆ ಟೈಪ್ ಮಾಡಿ ಕೊಟ್ಟಳು. ಮನೆಗೆ ತಂದು ನೋಡಿದರೆ ಕೊನೆಯಲ್ಲಿ ತಾನೇ ಒಂದು ಸಾಲು ಸೇರಿಸಿದ್ದಳು: ‘ಮದುವೆಯಾದ ಮೇಲೆ ಕುಡಿತ ಬಿಟ್ಟ.’

೩. ಮುಹೂರ್ತ

ಯಲ್ಲಾಪುರದಿಂದ ಹೊರಟ ದಿಬ್ಬಣದ ಬಸ್ಸನ್ನು ಅರ್ಧ ದಾರಿಯಲ್ಲಿ ಕೆಡಿಸಿದೆ. ಮುಹೂರ್ತ ತಪ್ಪಿತು. ಇದು ಗಟ್ಟಿ ಕಾರಣ ಎನಿಸಿತು. ಮದುವೆ ಅಡುಗೆಗೆ ಹೋಗುವ ಭಟ್ಟರೊಬ್ಬರನ್ನು ಕೇಳಿದೆ.

"ಮುಹೂರ್ತ ತಪ್ಪಿದ್ರೆ ಎಂತ ಆಗ್ತು?"

"ಎಂತದೂ ಇಲ್ಲೆ. ಇನ್ನೊಂದು ಮುಹೂರ್ತ ಇರ್ತು."

"ಕೂಸಿನ ಅಪ್ಪ ಸಿಟ್ಟು ಮಾಡಿ ಎದ್ದು ಹೋದ್ರೆ?"

"ಮುನ್ನೂರು ಹೋಳಿಗೆ ಮಾಡಿಟ್ಟಿರ್ತೆ. ಅಂವ ಎಲ್ಲಿಗೆ ಹೋಗ್ತಾ?"

೪. ಹೆಣ್ಣು ನೋಡುವುದು

ಈ ನಡುವೆ, ಆ ಹುಡುಗ ನನಗೆ ಒಪ್ಪಿಗೆಯಿಲ್ಲ ಎಂದುಕೊಂಡ ಜೋಯಿಸರು ಸುಮ್ಮನೆ ಕೂತಿರಲಿಲ್ಲ. ಹುಡುಗಿಯ ಜಾತಕ, ಅದರ ಕೆಳಗೆ ನನ್ನ ನಂಬರು, ವಾಟ್ಸಾಪಿನಲ್ಲಿ ಊರೂರಿಗೆ ಹೋಗಿತ್ತು. ದಿನಕ್ಕೆ ಮೂರು ನಾಲ್ಕು ಫೋನ್. ಅಂಥ ಹುಡುಗಿ ಇಲ್ಲ ಎಂದರೆ, "ಓ, ನಿಶ್ಚಯ ಆಗೋತಾ?" ಎಂದು ನಿಟ್ಟುಸಿರು ಬಿಟ್ಟು ಇಡುತ್ತಿದ್ದರು.

ಒಂದು ಭಾನುವಾರ ಮಂಚಿಕೇರಿ ಕಡೆಯಿಂದ ತಾಯಿ, ಮಗ ಬಂದೇಬಿಟ್ಟರು. ಮಗನಿಗೆ ಮೂವತ್ತೇಳು. ಅಂಗಿಯ ಇಸ್ತ್ರಿ ಇನ್ನೂ ಬಿಸಿಯಿದ್ದ ಹಾಗಿತ್ತು. ಹುಡುಗಿ ಕಾದಂಬರಿಯಲ್ಲಿ ಮಾತ್ರ ಇದ್ದಾಳೆ ಎಂದೆ. ತಾಯಿ ನಂಬಲಿಲ್ಲ. ಎಂಟು ಅಧ್ಯಾಯ ತಂದು ಕೈಯಲ್ಲಿಟ್ಟೆ. ಆಕೆ ಜಗಲಿಯಲ್ಲಿ ಕೂತು ಓದತೊಡಗಿದರು. ಓದಿ ಮುಗಿದ ಹಾಳೆಯನ್ನು ಮಗ ಇಸಿದುಕೊಂಡು ಓದಿದ.

"ಕೂಸು ಚಲೋ ಇದ್ದು," ಎಂದರು ತಾಯಿ. "ಯಾರನ್ನೋ ನೋಡಿಯೇ ಬರದ್ದು ಅಲ್ದಾ?"

"ಹೌದು."

ಮಗ ನೆಟ್ಟಗೆ ಕೂತ.

"ಎಲ್ಲಿದ್ದು ಈಗ?" ತಾಯಿ ಕೇಳಿದರು.

"ಒಳಗೆ. ಅವಲಕ್ಕಿ ಕಲಸ್ತಾ ಇದ್ದು."

ಮಗ ಕಿಸೆಯಿಂದ ಬಾಚಣಿಗೆ ತೆಗೆದ.

ನನ್ನ ಹೆಂಡತಿ ತಟ್ಟೆ ಹಿಡಿದು ಬಂದಳು. ಅವಳಿಗೆ ಅರವತ್ತೊಂಬತ್ತು.

ಇಬ್ಬರೂ ಅವಲಕ್ಕಿ ತಿಂದು ಎದ್ದರು. ಮೆಟ್ಟಿಲು ಇಳಿಯುವಾಗ ಮಗ ತಿರುಗಿ ಕೇಳಿದ, "ಕಥೆಲಿಪ್ಪ ಆ ಮಾಣಿಗಾದ್ರೂ ಮದುವೆ ಆಗ್ತಾ?"

"ಇಲ್ಲೆ. ಮುರಿತು."

"ಎಂತಕ್ಕೆ?"

"ಅದೇ ಗೊತ್ತಾಗ್ತಾ ಇಲ್ಲೆ."

ಅವರು ಹೋದ ಮೇಲೆ ಹೆಂಡತಿ ಕೇಳಿದಳು, "ಯಾರು ಅವು?"

"ನಿನ್ನ ನೋಡಲೆ ಬಂದಿದ್ವು."

"ಒಪ್ಪಿದ್ವಾ?"

ನಡೆದದ್ದನ್ನೆಲ್ಲ ಹೇಳಿದೆ. ಜಾತಕ, ಕಾರು, ಕುಡಿತ, ಬಸ್ಸು. ಪೂರ್ತಿ ಕೇಳಿದಳು.

"ಎಲ್ಲರನ್ನೂ ಕೇಳಿದ್ರಿ. ಕೂಸಿನ ಕೇಳಿದ್ರಾ? ಅದು ಬೇಡ ಅಂದ್ರೆ ಆತಲಾ."

"ಎಂತಕ್ಕೆ ಬೇಡ ಅನ್ನವು?"

"ಎಂತಕ್ಕೂ ಅಲ್ಲ. ಬೇಡ ಕಂಡ್ತು, ಬೇಡ. ಆನೂ ನಮ್ಮ ಮದುವೆ ಹೊತ್ತಿಗೆ ಹೇಳಿದ್ದೆ. ಯಾರು ಕೇಳಿದ್ವು?"

ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹುಡುಗಿ ಬೇಡ ಎಂದಳು. ಒಂಬತ್ತನೆಯ ಅಧ್ಯಾಯ ಮೂರು ಸಾಲಿಗೆ ಮುಗಿಯಿತು.