ಮಾವಿನ ದೋಟಿಯ ಲಕ್ರಾಸ್

ನಮ್ಮ ಸೋದರತ್ತೆಗೆ ಗೊತ್ತಿಲ್ಲದ ಆಟವೇ ಇರಲಿಲ್ಲ. ಆಡಿದ ಆಟ ಮಾತ್ರ ಒಂದೂ ಇರಲಿಲ್ಲ! ಕುಣಿಗಲ್ಲಿನಲ್ಲಿ ಎಲ್ಲೇ ಖೋಖೋ ನಡೆಯಲಿ, ಬಯಲಿನ ಅಂಚಿನಲ್ಲಿ ನಿಂತು ಮೇಷ್ಟರಿಗೇ ಬುದ್ಧಿ ಹೇಳುತ್ತಿದ್ದಳು. ಇಂಥವಳ ಕೈಗೆ ವಿಲಾಯತಿ ಆಟವೊಂದು ಸಿಕ್ಕರೆ ನಮ್ಮ ಗತಿಯೇನು?

ಸಿಕ್ಕಿಯೇಬಿಟ್ಟಿತು. ಎಪ್ಪತ್ತರ ದಶಕದ ಕೊನೆಯ ಮಾತು. ಕುದುರೆ ಫಾರಂನಲ್ಲಿ ಕೆಲಸಕ್ಕಿದ್ದ ಅತ್ತೆಯ ಗಂಡ ಹಳೆಯದೊಂದು ಇಂಗ್ಲಿಷ್ ಪತ್ರಿಕೆ ತಂದಿದ್ದ. ಅದರಲ್ಲೊಂದು ಚಿತ್ರ: ತುದಿಗೆ ಬಲೆ ಕಟ್ಟಿದ ಕೋಲು ಹಿಡಿದು ಚೆಂಡಿನ ಹಿಂದೆ ಓಡುತ್ತಿರುವ ಹುಡುಗಿಯರು. ಕೆಳಗೆ ‘ಲಕ್ರಾಸ್’ ಎಂಬ ಹೆಸರು. ನಿಯಮ ಗಿಯಮ ಏನೂ ಇರಲಿಲ್ಲ. ಚಿತ್ರ ನೋಡಿದವಳೇ ಅತ್ತೆ, ಮಾವಿನಕಾಯಿ ಕೀಳುವ ದೋಟಿಗಳನ್ನು ಅಟ್ಟದಿಂದ ಇಳಿಸಿದಳು. ತುದಿಯಲ್ಲಿ ಹಗ್ಗದ ಬಲೆ ಇದ್ದೇ ಇತ್ತಲ್ಲ! ಎರಡಾಳುದ್ದದ ಬಿದಿರನ್ನು ಮೂರು ಮೊಳಕ್ಕೆ ಕಡಿಸಿಬಿಟ್ಟಳು.

“ಅಲ್ಲ ಕಣೇ, ಇನ್ನು ಕಾಯಿ ಕೀಳೋದು ಯಾವುದ್ರಲ್ಲಿ?” ಮಾವ ತಲೆ ಚಚ್ಚಿಕೊಂಡ.

“ಈ ವರ್ಷ ಮರ ಹತ್ತಿ ಕಿತ್ಕಳಿ!”

ನಿಯಮಗಳೂ ಮಾವಿನ ತೋಪಿನಿಂದಲೇ ಬಂದವು. ನೆಲಕ್ಕೆ ಬಿದ್ದ ಕಾಯಿ ಹಣ್ಣಿಗೆ ಹಾಕಲು ಬಾರದು; ಆದ್ದರಿಂದ ಚೆಂಡು ನೆಲಕ್ಕೆ ಬಿದ್ದರೆ ಔಟ್! ಕೋಳಿ ಮುಚ್ಚುವ ಮಂಕರಿಯನ್ನು ಅಡ್ಡ ಮಲಗಿಸಿದರೆ ಅದೇ ಗೋಲು. ಗುಬ್ಬಿಯಿಂದ ಬಂದಿದ್ದ ಖೋಖೋ ಮೇಷ್ಟರೊಬ್ಬರು ನೋಡಿ ನಕ್ಕರು.

“ಈ ರೂಲ್ಸ್ ಯಾರಮ್ಮ ಮಾಡಿದ್ದು?”

“ನಾನೇ ಕಣ್ರೀ. ನಿಮ್ ಖೋಖೋಗೂ ಯಾರೋ ಒಬ್ರು ಮಾಡೇ ಇರ್ಬೇಕಲ್ವ?”

ಮೇಷ್ಟರು ನಗು ನಿಲ್ಲಿಸಿದರು. ತಿಂಗಳ ಕೊನೆಯ ಭಾನುವಾರ ತಮ್ಮ ಹುಡುಗಿಯರನ್ನು ಪಂದ್ಯಕ್ಕೆ ಕರೆತರುವುದಾಗಿ ಒಪ್ಪಿಕೊಂಡೇ ಹೋದರು.

ನಮ್ಮ ಹುಡುಗಿಯರ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವಳು ನಾನು. ಓಟವೆಂದರೆ ನನಗೆ ಪ್ರಾಣ. ಅಷ್ಟರಲ್ಲಿ ನಾನು ದೊಡ್ಡವಳಾದೆ.

“ಆಟ ಗೀಟ ಸಾಕು,” ಅಂದ ಅಪ್ಪ. “ಸ್ಕೂಲಿಂದೂ ಆಮೇಲೆ ನೋಡಾಣ.”

ಅವ್ವ ತಲೆ ತಗ್ಗಿಸಿದಳು. ನಾನು ಮೂಲೆಯಲ್ಲಿ ಕೂತು ಅಳತೊಡಗಿದೆ.

ಆರತಿಯ ದಿನ ನನ್ನನ್ನು ಹಸೆಗೆ ಕೂರಿಸಿದರು. ಬಂದ ಹೆಂಗಸರೆಲ್ಲ ಮಡಿಲಿಗೆ ಕೊಬ್ಬರಿ, ಎಳ್ಳಿನ ಚಿಗಳಿ, ರವಿಕೆ ಕಣ ತುಂಬಿದರು. ಸೋದರತ್ತೆಯ ಸರದಿ ಬಂತು. ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ ನನ್ನ ದೋಟಿಯನ್ನು ತೆಗೆದು, ಅರಿಶಿನ ಕುಂಕುಮ ಹಚ್ಚಿ, ಮಡಿಲ ಮೇಲೆ ಅಡ್ಡವಾಗಿ ಇಟ್ಟುಬಿಟ್ಟಳು! ಹೆಂಗಸರು ಕಿಸಕ್ಕೆಂದರು. ಅಪ್ಪನ ಮುಖ ಕೆಂಪಗಾಯಿತು.

“ಏನಿದು ಹುಡುಗಾಟ? ಹೆಣ್ ಮಗೀನ್ ಮಡ್ಲಿಗೆ ಹಾಕೋ ವಸ್ತುನಾ ಇದು?”

ಅತ್ತೆ ಅಂದು ತಮಾಷೆ ಮಾಡಲಿಲ್ಲ.

“ಅಣ್ಣಯ್ಯ, ನಾನ್ ದೊಡ್ಡೋಳಾದಾಗ ನನ್ ಮಡ್ಲಿಗೆ ಹಾಕಿದ್ದೆಲ್ಲ ನಾಕ್ ದಿನಕ್ಕೆ ತಿಂದು ಮುಗೀತು. ಸ್ಕೂಲ್ ಬಿಡ್ಸಿದ್ದು ಮಾತ್ರ ಬಿಡ್ಸಿದ್ದೇ ಆಯ್ತು. ಬಿಡ್ಸಿದ್ದು ನೀನೇ ಅಲ್ವಾ? ಊರೋರ ಆಟಾನೆಲ್ಲ ನಿಂತ್ಕಂಡು ನೋಡ್ದೆ. ನೋಡೀ ನೋಡೀ ಕಲ್ತೆ. ಈ ಮಗೀನೂ ನೋಡಕ್ಕೆ ನಿಲ್ಲುಸ್ಬ್ಯಾಡ.”

ಯಾರೂ ನಗಲಿಲ್ಲ. ಅವಳನ್ನು ಅಧಿಕಪ್ರಸಂಗಿ ಎಂದು ಆಡಿಕೊಂಡವರೆಲ್ಲ ಅಲ್ಲೇ ಕೂತಿದ್ದೆವು. ಅಪ್ಪ ಎದ್ದು ಹೊರಗೆ ಹೋದ.

ಪಂದ್ಯದ ಭಾನುವಾರ ಅಪ್ಪ ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವ್ವ ಬಿಗಿಯಾಗಿ ಜಡೆ ಹೆಣೆದು ಕಳಿಸಿದಳು. ಕೆರೆ ಏರಿಯ ಪಕ್ಕದ ಬಯಲಿನಲ್ಲಿ ಗುಬ್ಬಿಯ ಹುಡುಗಿಯರು ನಮ್ಮನ್ನು ಸೋಲಿಸಿದರು. ಅದೂ ನಮ್ಮತ್ತೆಯದೇ ನಿಯಮದಲ್ಲಿ!

ತಲೆಯೆತ್ತಿ ನೋಡಿದರೆ ಏರಿಯ ಮೇಲೆ ಅಪ್ಪ. ಯಾವಾಗ ಬಂದನೋ! ಕೆಳಗಿಳಿದು ಬಂದವನು ನನ್ನ ಕೈಯಿಂದ ದೋಟಿ ತೆಗೆದುಕೊಂಡು ತನ್ನ ತಂಗಿಯ ಕೈಗೆ ಕೊಟ್ಟ.

“ನೀನೂ ಒಂದ್ ಸಲ ಆಡವ್ವ,” ಅಂದ.

ಐವತ್ತರ ಹತ್ತಿರವಿದ್ದ ಅತ್ತೆ ಸೆರಗನ್ನು ಸೊಂಟಕ್ಕೆ ಸಿಗಿಸಿ ಓಡಿದಳು. ಅರ್ಧ ಬಯಲಿಗೇ ಏದುಸಿರು ಬಂದು ನಿಂತಳು. ಒಮ್ಮೆ ಸುತ್ತಲೂ ನೋಡಿದಳು.

“ಅಣ್ಣಯ್ಯ, ಒಳಗ್ ನಿಂತ್ಕಂಡು ನೋಡುದ್ರೆ ಎಷ್ಟ್ ದೊಡ್ಡದು ಕಣಣ್ಣ ಈ ಬಯಲು!”

ಅಪ್ಪ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ.

“ನಾಳೆ ಸ್ಕೂಲೈತೆ. ಕತ್ಲಾಗೋಕ್ ಮುಂಚೆ ಮನೆ ಸೇರ್ಕೊ,” ಅಂದ.