ಗೃಹಪ್ರವೇಶದ ಅರ್ಥ

‘ಒಳಗೆ ಬಂದೆ’ ಎಂದರೆ ಮುಗಿಯುವ ಕಡೆಯೂ ‘ಪ್ರವೇಶಿಸಿದೆ’ ಎನ್ನದಿದ್ದರೆ ನನಗೆ ಸಮಾಧಾನವಿಲ್ಲ. ಸುರಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಕನ್ನಡ ಕಲಿಸಿ ಅಂಟಿದ ಚಟ ಇದು. ನನ್ನ ಹೆಂಡತಿಯಂತೂ, “ಅಡಗಿ ಮನಿ ಪ್ರವೇಶ ಮಾಡಬ್ಯಾಡ್ರಿ, ಸುಮ್ನ ಒಳಗ ಬಂದು ಬದನಿಕಾಯಿ ಹೆಚ್ಚರಿ” ಎನ್ನುತ್ತಾಳೆ.

ಹೋದ ವರ್ಷ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಮಲ್ಲಮ್ಮ ಊರಂಚಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದಳು. ಆಮಂತ್ರಣ ಬರೆದುಕೊಡಿ ಎಂದು ನನ್ನ ಬಳಿ ಬಂದಳು. ಇಂಥ ಅವಕಾಶ ಬಿಡುವವನೇ ನಾನು? ‘ನೂತನ ಗೃಹಪ್ರವೇಶ ಮಹೋತ್ಸವ’ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ.

ಆ ದಿನ ಹೋಗಿ ನೋಡಿದರೆ ಬಂದ ಮಂದಿಯೆಲ್ಲ ಇನ್ನೂ ಅಂಗಳದಲ್ಲೇ ನಿಂತಿದ್ದಾರೆ. ಮಲ್ಲಮ್ಮನ ತಾಯಿ ಹಣಮವ್ವ ಹೊಸ್ತಿಲ ಮುಂದೆ ಕೂತುಬಿಟ್ಟಿದ್ದಾಳೆ. ಮೊದಲು ತಾಯಿಯೇ ಒಳಗೆ ಹೋಗಬೇಕೆಂದು ಮಗಳ ಹಟ. ತಾಯಿ ಏನು ಮಾಡಿದರೂ ಏಳಲೊಲ್ಲಳು.

“ಸರ್, ನೀವ ಬರದೀರಿ, ನೀವ ಹೇಳ್ರಿ,” ಎಂದಳು ಮಲ್ಲಮ್ಮ. “ಪ್ರವೇಶ ಅಂದ್ರ ದೊಡ್ಡ ಮಂದಿ ಮಾಡೋದು, ನನ್ನ ಕೈಲಿ ಆಗಲ್ಲ ಅಂತಾಳ್ರಿ.”

ನಾನು ಮುದುಕಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. “ಪ್ರವೇಶ ಅಂದ್ರ ಒಳಗ ಹೋಗೋದು ಅಷ್ಟ, ಯವ್ವಾ.”

“ಅಷ್ಟ ಅಂತೀರೇನ್ರಿ,” ಎಂದಳು ಆಕೆ. “ಸಣ್ಣಾಕಿ ಇದ್ದಾಗಿಂದ ಮಂದಿ ಮನಿ ಅಂಗಳಾ ಕಸ ಹೊಡದೀನಿ. ಒಬ್ಬರೂ ಒಳಗ ಬಾ ಅಂದಿಲ್ಲ. ನಾನಿದ್ದ ಜೋಪಡಿಗಿ ಹೊಸ್ತಿಲಾನ ಇರಲಿಲ್ಲ. ಯಾವ ಕಾಲು ಮುಂದಿಡಬೇಕು, ನನಗೇನು ಗೊತ್ತು?”



“ಯಾವ್ದರ ಇಡು ಯವ್ವಾ, ನಿನ್ನ ಮನಿ ಇದು,” ಎಂದಳು ಮಲ್ಲಮ್ಮ.

ಹಣಮವ್ವ ಮಗಳ ಹೆಗಲು ಹಿಡಿದು ಎದ್ದಳು. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ತುಂಬಿದ ಹಳ್ಳ ದಾಟುವವಳಂತೆ ಕಾಲೆತ್ತಿ ಒಳಗಿಟ್ಟಳು. ಗೋಡೆ ಗೋಡೆ ಮುಟ್ಟುತ್ತ ಎರಡೂ ಕೋಣೆ ಸುತ್ತಿ ಬಂದಳು. ‘ಪ್ರವೇಶ’ ಎಂಬ ಪದವನ್ನು ಸಾವಿರ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ; ಯಾರಾದರೂ ಅದನ್ನು ಮಾಡುವುದನ್ನು ನೋಡಿದ್ದು ಅದೇ ಮೊದಲು.

ಬಳಿಕ ಆಕೆ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಳು. “ಬರ್ರಿ ಸರ್, ಒಳಗ ಬರ್ರಿ,” ಎಂದು ಕರೆದಳು.

ಅಷ್ಟು ಜನ ನೋಡುತ್ತಿದ್ದಾರೆ. ನಾನೂ ತಕ್ಕ ಗಾಂಭೀರ್ಯದಿಂದ ಎದೆ ಸೆಟೆಸಿ, ಬಲಗಾಲು ಮುಂದಿಟ್ಟೆ. ಬಾಗಿಲ ಚೌಕಟ್ಟು ತಗ್ಗಾಗಿದ್ದದ್ದು ಹಣೆಗೆ ಬಡಿದ ಮೇಲೆಯೇ ತಿಳಿಯಿತು. “ಬಗ್ಗಿ ಬರಬೇಕ್ರಿ,” ಎನ್ನುತ್ತ ಹಣಮವ್ವ ಕೈ ಹಿಡಿದು ಕೂರಿಸಿದಳು. ಆ ಮನೆಯ ಮೊದಲ ಅತಿಥಿಯಾಗಬೇಕಿದ್ದವನು ಮೊದಲ ರೋಗಿಯಾಗಿ, ಹಣೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಹೋಳಿಗೆ ತಿಂದೆ.