ವೆಂಟ್ ಮೇಲೆ ದೊಡ್ಡಪ್ಪನ ದಾವೆ

ಇಂಗ್ಲಿಷ್ ಭಾಷೆಯ ಮೇಲೆ ಕಳ್ಳತನದ ಆರೋಪ ಹೊರಿಸಿದ ಶಿಡ್ಲಘಟ್ಟದ ಏಕೈಕ ವ್ಯಕ್ತಿ ನಮ್ಮ ದೊಡ್ಡಪ್ಪ. ಹೊಟ್ಟೆಪಾಡಿಗೆ ಅವರು ಅಲ್ಲಿನ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದುದು ಏನು ಅಂತೀರಿ? ಇಂಗ್ಲಿಷೇ!

ಎಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಅವರು ದಪ್ಪ ನಿಘಂಟು ತೆರೆದು 'ಗೋ' ಪದದ ಮುಂದೆ ಕೂತರು. ಪುಟಗಟ್ಟಲೆ ಅರ್ಥ! ಊರಿಗೆ ಹೊರಟರೂ ಗೋ, ಹಾಲು ಕೆಟ್ಟರೂ ಗೋ, ತಲೆ ಕೆಟ್ಟರೂ ಗೋ. ಈ ಮೂರನೆಯದು ನಮ್ಮ ಮನೆಯಲ್ಲೇ ಆಯಿತು. ಏಕೆಂದರೆ 'ವೆಂಟ್' ಎನ್ನುವುದು ಗೋ ಪದದ ಸ್ವಂತ ಭೂತಕಾಲವೇ ಅಲ್ಲವೆಂದು ಅವರಿಗೆ ಅಂದು ಗೊತ್ತಾಯಿತು. ಹಿಂದೆ 'ವೆಂಡ್' ಎಂಬ ಬೇರೊಂದು ಕ್ರಿಯಾಪದವಿತ್ತಂತೆ; ವೆಂಟ್ ಅದರದ್ದು. ಗೋ ಅದನ್ನು ಸದ್ದಿಲ್ಲದೆ ಎತ್ತಿಕೊಂಡುಬಿಟ್ಟಿತಂತೆ!

"ಪಾಪ, ವೆಂಡ್‌ಗೆ ಹೇಳೋರು ಕೇಳೋರು ಇಲ್ವೇನೋ?" ಎಂದು ನಾನೇ ಕದ್ದವನಂತೆ ನನ್ನನ್ನು ಗದರಿದರು. ಇನ್ನು ಮುಂದೆ ಗೋ ಪದದ ಭೂತಕಾಲ 'ಗೋಡ್' ಎಂದು ಸಾರಿದರು.

"ಇಷ್ಟೊತ್ತು ಎಲ್ಲೋಗಿದ್ರಿ?" ದೊಡ್ಡಮ್ಮ ಕೇಳಿದರು.

"ಐ ಗೋಡ್ ಟು ಚಿಂತಾಮಣಿ."

"ಯಾರ ಮನೆ ಗೋಡೆ ರೀ?"

ಶಾಲೆ ತೆರೆದ ಮೇಲೆ ರಜಾ ಅರ್ಜಿಯಲ್ಲೂ ಹಾಗೇ ಬರೆದರು. ಹೆಡ್‌ಮಾಸ್ಟರು ಕೆಂಪು ಗೀಟು ಎಳೆದು, "ತಪ್ಪು ಕಣ್ರೀ ಇದು!" ಎಂದರೆ, "ತಪ್ಪಲ್ಲ ಸಾರ್, ನ್ಯಾಯ!" ಎಂದು ಎದೆಯುಬ್ಬಿಸಿ ನಿಂತರು. ನ್ಯಾಯಕ್ಕೆ ರಜೆ ಸಿಗಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ತರಗತಿಯಲ್ಲೂ ಅವರು ಸಾರಿದ ಈ ಮಾತನ್ನು ಪೂರ್ತಿ ನಂಬಿದ ಶಿಷ್ಯೆಯೊಬ್ಬಳಿದ್ದಳು, ರೇಷ್ಮೆ ನೂಲು ತೆಗೆಯುವವರ ಮಗಳು ರೆಹಾನಾ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ವೆಂಟ್ ಬರಬೇಕಾದ ಕಡೆಯೆಲ್ಲ ಗೋಡ್ ಬರೆದಳು. ಇಂಗ್ಲಿಷಿನಲ್ಲಿ ಒಂದೇ ಒಂದು ಅಂಕ ಕಡಿಮೆಯಾಗಿ ಫೇಲಾದಳು.

ಫಲಿತಾಂಶ ನೋಡಿದ ದೊಡ್ಡಪ್ಪ ಊಟಕ್ಕೂ ಕೂರದೆ ಅವಳ ಮನೆಗೆ ಹೊರಟರು. ನಾನೂ ಹಿಂದೆಯೇ ನಡೆದೆ.

"ಓದಿದ್ದು ಸಾಕು ಬಿಡಿ ಮೇಷ್ಟ್ರೆ, ಮನೇಲಿ ಕೆಲ್ಸ ಐತೆ," ಎಂದರು ಅವಳ ತಂದೆ.

"ತಪ್ಪು ಅವಳದಲ್ಲ ಸಾಬ್ರೆ, ನಂದು. ಮರುಪರೀಕ್ಷೆಗೆ ಕೂರಿಸಿ, ನಾನೇ ಓದಿಸ್ತೀನಿ," ಎಂದು ದೊಡ್ಡಪ್ಪ ಕೈಮುಗಿದರು. ಇಂಗ್ಲಿಷಿಗೂ ಹೆಡ್‌ಮಾಸ್ಟರಿಗೂ ಬಗ್ಗದ ಮನುಷ್ಯ!

ಸಾಬರು ಒಪ್ಪಿದರು, ರೆಹಾನಾ ಆ ಸಲ ಪಾಸಾದಳು. ಆದರೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಅವಳ ಮನೆಯ ಜಗಲಿಯ ಮೇಲೆ ನಡೆದ ಮೊದಲ ದಿನದ ಪಾಠ. "ವೆಂಟ್ ಅಂತ ನೂರು ಸಲ ಬರಿಯಮ್ಮ," ಎಂದ ದೊಡ್ಡಪ್ಪ, ತಾವೂ ಒಂದು ಹಾಳೆ ಹರಿದುಕೊಂಡು ಅವಳೆದುರಿಗೆ ಕೂತು ಬರೆಯತೊಡಗಿದರು. ಅರ್ಧ ಪುಟವಾಗುವಷ್ಟರಲ್ಲಿ ಹುಡುಗಿ ಪೆನ್ನು ನಿಲ್ಲಿಸಿದಳು.

"ಸಾರ್, ಹಂಗಾದ್ರೆ ವೆಂಡ್ ಗತಿ?"

ದೊಡ್ಡಪ್ಪ ಹಾಳೆಯಿಂದ ತಲೆಯೆತ್ತಲಿಲ್ಲ.

"ಅದನ್ನ ನಾನು ನೋಡ್ಕೋತೀನಿ ಕಣಮ್ಮ. ನೀನು ಪಾಸಾಗು."